ಎರಡು ಗೆರೆಯ ವರ

ಚೇತನಕುಮಾರನಲ್ಲಿ ಹೇಳಿಕೊಳ್ಳುವಂಥದ್ದು ಅಂತ ಇದ್ದದ್ದು ಅವನ ಬಾಯಿ ಒಂದೇ. ಬಣ್ಣ ಸಾಧಾರಣ, ಎತ್ತರ ಸಾಧಾರಣ, ಸಂಬಳ ಅದಕ್ಕಿಂತ ಸಾಧಾರಣ. ಬಾಯಿ ಮಾತ್ರ ತೊಳೆದಿಟ್ಟ ತಾಟಿನಂತೆ ಚೊಕ್ಕ. ಹುಟ್ಟಿದಾಗಿನಿಂದ ಅದರೊಳಗೆ ಒಂದು ಅಡಿಕೆ ಚೂರು ಕೂಡ ಹೋದದ್ದಿಲ್ಲ. ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ರಿಪೇರಿ ಅವನ ಕೆಲಸ. ಜೊತೆಯವರು ಖೈನಿ ತಿಕ್ಕಿ ತುಟಿಯೊಳಗಿಟ್ಟುಕೊಂಡು ಲಿಫ್ಟಿನ ಕೆಳಗಿನ ಗುಂಡಿಗೆ ಉಗುಳುತ್ತಿದ್ದರು. ಗುಂಡಿಯಲ್ಲಿ ನಿಂತು ಗ್ರೀಸು ಹಚ್ಚುತ್ತಿದ್ದ ಇವನ ಹೆಲ್ಮೆಟ್ಟಿನ ಮೇಲೆ ಅದು ಬೀಳುತ್ತಿತ್ತು. ತಂಬಾಕಿನೊಂದಿಗೆ ಅವನಿಗಿದ್ದ ನಂಟು ಇಷ್ಟೇ, ತಲೆಯ ಹೊರಗಿನದು.

ಅವನು ಸಿಕ್ಕಿಬಿದ್ದದ್ದು ಈ ಚೊಕ್ಕ ಬಾಯಿಯಿಂದಲೇ.

ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಅಮರೇಶಪ್ಪನವರದು ತಂಬಾಕಿನ ಗೋದಾಮು. ಕೆಳಗೆ ಗೋದಾಮು, ಮೇಲೆ ಮನೆ. ನಿಪ್ಪಾಣಿಯಿಂದ ಲಾರಿಗಟ್ಟಲೆ ಎಲೆ ತರಿಸಿ ಹೈದರಾಬಾದಿನ ಅರ್ಧ ದವಡೆಗಳಿಗೆ ಮೇವು ಹಾಕುವವರು ಅವರು. ಅವರ ಅಣ್ಣ ತಂಬಾಕು ತಿಂದೂ ತಿಂದೂ ಬಾಯಿಯ ಕ್ಯಾನ್ಸರಾಗಿ, ದವಡೆ ಕೊಯ್ಸಿಕೊಂಡು, ಕೊನೆಗೆ ನಳಿಗೆಯಲ್ಲಿ ಗಂಜಿ ಕುಡಿಯುತ್ತ ಸತ್ತಿದ್ದರು. ಅವತ್ತಿನಿಂದ ಅಮರೇಶಪ್ಪ ಒಂದು ನಿಯಮ ಮಾಡಿದ್ದರು: ಊರಿಗೆ ಮಾರಬೇಕು, ಮನೆಯೊಳಗೆ ಒಂದು ಎಸಳೂ ಬಾಯಿಗೆ ಹೋಗಬಾರದು. ಎಲೆ ಬಿಟ್ಟು ಬೇಳೆ ಮಾರುತ್ತೇನೆ ಅನ್ನುವುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಸಾಯುವುದಕ್ಕೆ ಬೇರೆ ಮನೆಗಳಿದ್ದವಲ್ಲ.

ಅವರಿಗೆ ಒಬ್ಬಳೇ ಮಗಳು, ಶೀತಲ. ಅಳಿಯ ಬಂದು ಗೋದಾಮು ನೋಡಿಕೊಳ್ಳಬೇಕು, ತಂಬಾಕು ಮುಟ್ಟದವನಾಗಿರಬೇಕು. ಬಾಯಿ ಮಾತನ್ನು ನಂಬಿ ನಂಬಿ ಸಾಕಾಗಿದ್ದ ಅಮರೇಶಪ್ಪ ಔಷಧಿ ಅಂಗಡಿಯಿಂದ ಒಂದು ಬಗೆಯ ಪರೀಕ್ಷೆಯ ಪಟ್ಟಿಗಳನ್ನು ತಂದಿಟ್ಟಿದ್ದರು. ಮೂತ್ರದಲ್ಲಿ ಅದ್ದಿದರೆ ತಂಬಾಕಿನ ಅಂಶ ಇದೆಯೋ ಇಲ್ಲವೋ ಅದು ಹೇಳುತ್ತಿತ್ತು. ಹಾಗಾಗಿ ಆ ಮನೆಗೆ ಹೆಣ್ಣು ನೋಡಲು ಹೋದ ಗಂಡಿಗೆ ಮೊದಲು ಉಪ್ಪಿಟ್ಟು ಬರುತ್ತಿತ್ತು, ಆಮೇಲೆ ಚಹಾ ಬರುತ್ತಿತ್ತು, ಕೊನೆಗೆ ಒಂದು ಪ್ಲಾಸ್ಟಿಕ್ ಲೋಟ ಬರುತ್ತಿತ್ತು, ಖಾಲಿಯದು.

ಸಂಬಂಧದ ಮಾತು ಬಂದ ಮೇಲೆ ಚೇತನಕುಮಾರ ಮತ್ತು ಶೀತಲ ಒಂದಷ್ಟು ವಾರಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳ ನಗು ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಲಿಫ್ಟಿನ ಗುಂಡಿಯಲ್ಲಿ ನಿಂತು ಒಬ್ಬನೇ ನಗುತ್ತಿದ್ದ.

"ಅಪ್ಪನ ಪಟ್ಟಿ ಮ್ಯಾಲ ಎರಡು ಗೆರಿ ಬಿದ್ರ ನಂದೂ ಹೂಂ" ಅಂದಿದ್ದಳು ಶೀತಲ. "ನಿಮ್ಮ ಬಾಯಿ ಮ್ಯಾಲ ನನಗ ನಂಬಿಗಿ ಐತ್ರಿ."

ಇಂಥ ಮಾತನ್ನು ಅವನಿಗೆ ಈವರೆಗೆ ಯಾವ ಹೆಣ್ಣೂ ಹೇಳಿರಲಿಲ್ಲ. ಮೂವತ್ತು ದಾಟಿದ ಗಂಡಸಿಗೆ ಇದು ಸಣ್ಣ ಮಾತಲ್ಲ.

ರಾಯಚೂರಿನಲ್ಲಿದ್ದ ಅವನ ತಂದೆತಾಯಿ "ನೀ ಮೊದಲು ಪಾಸಾಗು, ಆಮೇಲೆ ಬರ್ತೀವಿ" ಅಂದಿದ್ದರಿಂದ ಹಿರಿಯರ ಜಾಗಕ್ಕೆ ಅವನ ಕೂಕಟ್‌ಪಲ್ಲಿ ಬಾಡಿಗೆ ಮನೆಯ ಮಾಲಕರಾದ ರಾಮದಾಸ ದಂಪತಿ ಹೊರಟರು. ರಾಮದಾಸರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೂ ಕುತುಬಶಾಹಿ ಕಾಲದಿಂದ ಶುರು ಮಾಡುವ ಮನುಷ್ಯ. ಅವರ ಹೆಂಡತಿ ಸುಭದ್ರಾಬಾಯಿಯವರಿಗೆ ಇತಿಹಾಸ ಬೇಕಾಗಿರಲಿಲ್ಲ. ಪಕ್ಕದ ಮನೆಯ ವರ್ತಮಾನವೇ ಸಾಕಾಗುತ್ತಿತ್ತು.

"ಹೊತ್ತಾತು ಅನಿಸ್ಕೋಬಾರದು" ಎಂದು ರಾಮದಾಸರು ಅವನನ್ನು ಹೇಳಿದ ವೇಳೆಗಿಂತ ಎಷ್ಟೋ ಮೊದಲೇ ಎಳೆದುಕೊಂಡು ಹೋದರು.

ಗೋದಾಮಿನ ಎದುರು ಲಾರಿ ನಿಂತಿತ್ತು. ಅಮರೇಶಪ್ಪ ಬನಿಯನ್ನಿನಲ್ಲಿ ನಿಂತು ಫೋನಿನೊಳಗೆ ಬಯ್ಯುತ್ತಿದ್ದರು. ಬರುವ ದಾರಿಯಲ್ಲಿ ಮಳೆ ಹೊಡೆದು, ತಾಡಪತ್ರಿ ಹರಿದು, ಮೇಲಿನ ಮೂಟೆಗಳೆಲ್ಲ ತೊಯ್ದು ತೊಪ್ಪೆಯಾಗಿದ್ದವು.

"ನೋಡ್ರಿ ನಮ್ಮ ನಸೀಬ" ಅಂದರು ಅವರು, ನಮಸ್ಕಾರ ಕೂಡ ಮರೆತು. "ಎಲಿ ತೊಯ್ದೈತಿ. ಈಗಿಂದೀಗ ಇಳಿಸಿ ಹರವಲಿಲ್ಲಂದ್ರ ಸಂಜಿಗೆ ಬೂಸ್ರು ಹಿಡೀತೈತಿ. ಹಮಾಲರು ನೋಡಿದ್ರ ಯಾರೋ ಲೀಡರನ ಮೀಟಿಂಗಿಗೆ ಹೋಗ್ಯಾರಂತ. ಬಿರಿಯಾನಿ ಕೊಡ್ತಾರಂತ!"

"ಅದಕ್ಕ ಯಾಕ ಚಿಂತಿ ಮಾಡ್ತೀರಿ?" ಅಂದರು ರಾಮದಾಸರು. "ನಮ್ಮ ಹುಡುಗ ಇದ್ದಾನಲ್ಲ! ಹನ್ನೆರಡು ಮಾಳಿಗಿ ಲಿಫ್ಟ್ ಒಬ್ಬನ ಎಳೀತಾನ್ರೀ ಇವ."

ಲಿಫ್ಟನ್ನು ಎಳೆಯುವುದು ಮೋಟರು. ಚೇತನಕುಮಾರ ಇದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಲಿನ ಗ್ಯಾಲರಿಯಲ್ಲಿ ಬಳೆ ಸದ್ದಾಯಿತು. ಶೀತಲ ಕೆಳಗೆ ಬಗ್ಗಿ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

"ಹೊಸಾ ಅಂಗಿ ಹೊಲಸಾಗ್ತದೋ! ತಗದು ಇಲ್ಲಿ ಕೊಡು" ಎಂದು ಸುಭದ್ರಾಬಾಯಿ ಅವನ ಅಂಗಿಯನ್ನು ತಾವೇ ಬಿಚ್ಚಿಸಿ ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಅಂಗಿ ಉಳಿಯಿತು, ಗಂಡು ಕೆಟ್ಟ.

ಲಾರಿಯ ಡ್ರೈವರ್ ಮೇಲಿಂದ ಮೂಟೆ ಜಾರಿಸಿದ. ಇವನು ಬರಿ ಹೆಗಲು ಕೊಟ್ಟ. ನೆನೆದ ಎಲೆಯ ಮೂಟೆ ಸತ್ತ ಎಮ್ಮೆಯಂತೆ ಭಾರ. ಗೋಣಿಯಿಂದ ಕಾಫಿ ಬಣ್ಣದ ರಸ ಇಳಿದು ಕುತ್ತಿಗೆಗೆ ಬಂತು, ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೆಲ್ಲ ಹೋಯಿತು. ಒಂದು ಮೂಟೆ ಇಳಿಸಿ ಮೇಲೆ ನೋಡಿದ. ಶೀತಲ ನಕ್ಕಳು. ಇನ್ನೊಂದಕ್ಕೆ ಹೆಗಲು ಕೊಟ್ಟ. ಮತ್ತೆ ನಕ್ಕಳು. ಆ ನಗೆಗೆ ಅವನು ಲಾರಿಯನ್ನೇ ಹೊರುತ್ತಿದ್ದನೋ ಏನೋ. ಆದರೆ ಆರು ಮೂಟೆ ಆಗುವಷ್ಟರಲ್ಲಿ ಗೋದಾಮಿನ ಕಂಬಗಳು ಒಂದು ಎರಡಾಗಿ ಕಾಣತೊಡಗಿದವು.

"ಭೇಷ್! ಸಾಕು ಬರ್ರಿ, ಉಳಿದಿದ್ದು ಹೆಂಗರ ಮಾಡೋಣು" ಎಂದು ಅಮರೇಶಪ್ಪ ಬೆನ್ನು ತಟ್ಟಿದರು. "ಆಳು ಗಟ್ಟಿ ಇದ್ದೀರಿ."

ಮೇಲಿನ ಮನೆಯ ಪಡಸಾಲೆಯಲ್ಲಿ ಉಪ್ಪಿಟ್ಟು ಬಂತು. ಕೈ ಎರಡು ಸಲ ತೊಳೆದರೂ ಕಂದು ಬಣ್ಣ ಹೋಗಿರಲಿಲ್ಲವೆಂದು ಸುಭದ್ರಾಬಾಯಿ ಅಂಗಿ ಕೊಡದೆ, ಅವನ ಹೆಗಲಿಗೆ ಒಂದು ಟವೆಲು ಹೊದಿಸಿ ಕೂಡಿಸಿದ್ದರು. ಶೀತಲ ಎದುರು ಕೂತಿದ್ದಳು, ಹಸಿರು ಸೀರೆಯಲ್ಲಿ. ಅವಳನ್ನು ಕಣ್ತುಂಬ ನೋಡಬೇಕೆಂದು ಎಷ್ಟು ದಿನದಿಂದ ಕಾದಿದ್ದನೋ, ಈಗ ನೋಡಿದರೆ ಇಬ್ಬರು ಶೀತಲ ಕೂತು ಮೆಲ್ಲಗೆ ತೇಲುತ್ತಿದ್ದರು. ಹಣೆಯ ಮೇಲೆ ತಣ್ಣನೆಯ ಬೆವರು ಒಡೆಯಿತು. ಬಾಯಿಯಲ್ಲಿ ಜೊಲ್ಲು ನಲ್ಲಿ ಬಿಟ್ಟಂತೆ ಬರತೊಡಗಿತು. ನುಂಗಿದ. ಮತ್ತೆ ಬಂತು. ಮತ್ತೆ ನುಂಗಿದ.

"ಯಾಕ್ರೀ ತಮ್ಮಾ, ಉಪ್ಪಿಟ್ಟು ಸೇರಲಿಲ್ಲೇನು?" ಅಂದರು ಶೀತಲಳ ತಾಯಿ ಸೂಗಮ್ಮ.

"ಛೇ, ನಾಚಿಕಿರೀ" ಅಂದರು ಸುಭದ್ರಾಬಾಯಿ. "ನಮ್ಮನಿಯವರೂ ನನ್ನ ನೋಡ್ಲಿಕ್ಕೆ ಬಂದಾಗ ಹಿಂಗ ಬೆವತಿದ್ರು."

ಚೇತನಕುಮಾರ ತಡೆಯಲಾರದೆ ಎದ್ದು ಗ್ಯಾಲರಿಗೆ ಓಡಿ ಪಿಚಕ್ಕನೆ ಉಗುಳಿದ. ಕೈಯಿಂದ ತುಟಿ ಒರೆಸಿಕೊಂಡು ಒಳಗೆ ಬಂದ. ಕೈಯ ಕಂದು ತುಟಿಗೆ ಬಳಿದಿತ್ತು. ಅಮರೇಶಪ್ಪನವರ ಹುಬ್ಬು ಮೇಲೆ ಹೋಯಿತು. ಇವನು ಕೂತ, ಎದ್ದ, ಓಡಿದ, ಮತ್ತೆ ಉಗುಳಿದ. ಮೂರನೆಯ ಸಲ ಓಡಿದಾಗ ಉಗುಳಿನ ಜೊತೆಗೆ ಉಪ್ಪಿಟ್ಟೂ, ಅದರ ಹಿಂದೆ ಬೆಳಗಿನ ಇಡ್ಲಿಯೂ ಹೊರಟವು.

ಆ ಸದ್ದಿಗೆ ಪಕ್ಕದ ಮನೆಯ ಕಮಲಾಕ್ಷಿ ಬಂದರು. ಆ ಮನೆಗೆ ಯಾರು ಬಂದರೂ ಕರಿಬೇವು ಕೇಳುವ ನೆವದಲ್ಲಿ ಬಂದು ನಿಲ್ಲುವ ತೆಲುಗು ಹೆಂಗಸು. ಗಂಡಿನ ಬಾಯಿ ನೋಡಿದರು, ಕೈ ನೋಡಿದರು.

"ಅಯ್ಯೋ ವದಿನಾ, ಈ ಅಬ್ಬಾಯಿ ಬಾಯಿ ನೋಡ್ರಿ, ಎಲ್ಲಾ ಗುಟ್ಕಾ ಗುಟ್ಕಾ!" ಎಂದು ಕರಿಬೇವು ಮರೆತು ಕುರ್ಚಿ ಎಳೆದುಕೊಂಡು ಕೂತರು.

ಅಮರೇಶಪ್ಪ ಒಳಗೆ ಹೋಗಿ ಲೋಟ ತಂದರು.

ಪಟ್ಟಿಯನ್ನು ಟೀಪಾಯಿಯ ಮೇಲೆ ಇಟ್ಟು ಎಲ್ಲರೂ ಸುತ್ತ ಬಗ್ಗಿದರು, ಕೇರಂ ಆಡುವವರ ಹಾಗೆ. ಒಂದು ಗೆರೆ ಮೂಡಿತು.

"ಒಂದು ಬಂತು" ಅಂದರು ರಾಮದಾಸರು. "ಇನ್ನೊಂದು ದಾರಿಯೊಳಗದ."

"ಎರಡು ಬಂದ್ರ ಏನರೀ?" ಸುಭದ್ರಾಬಾಯಿ ಪಿಸುಗುಟ್ಟಿದರು. "ನಮ್ಮ ಸೊಸಿಗೆ ಎರಡು ಬಂದಾಗ ಪೇಢೆ ಹಂಚಿದ್ವಿ."

"ಇದು ಆ ಪಟ್ಟಿ ಅಲ್ರಿ ಬಾಯಾರ" ಅಂದರು ಅಮರೇಶಪ್ಪ. "ಎರಡು ಬಂದ್ರ ಮನುಷ್ಯಾ ಸಾಚಾ. ಒಂದಕ್ಕ ನಿಂತ್ರ ತಂಬಾಕಿನವ."

ಎಲ್ಲರೂ ಕಾದರು. ಬಂದದ್ದು ಒಂದೇ ಗೆರೆ. ಇನ್ನೊಂದು ದಾರಿಯಲ್ಲೇ ಉಳಿಯಿತು.

"ನಾ ಮುಟ್ಟೇ ಇಲ್ರಿ!" ಎಂದು ಚೇತನಕುಮಾರ ಕೂಗಿದ. ಕೂಗುವಾಗಲೂ ಜೊಲ್ಲು ಬಂತು. "ನಮ್ಮವ್ವನ ಆಣಿ, ಹುಟ್ಟಿದಾಗಿಂದ ಮುಟ್ಟಿಲ್ಲ."

"ಎಲ್ಲಾರೂ ಅವ್ವನ ಆಣಿನ ಮಾಡ್ತಾರ" ಅಂದರು ಅಮರೇಶಪ್ಪ. "ನಮ್ಮ ಅಣ್ಣನೂ ಮಾಡಿದ್ದ. ದವಡಿ ಇರೋತನಕ ಮಾಡಿದ."

ಶೀತಲ ನೆಲ ನೋಡುತ್ತಿದ್ದಳು. ನಂಬಿಕೆ ಇಟ್ಟಿದ್ದ ಬಾಯಿ ಹೀಗೆ ಎದುರಿಗೇ ಸೋರುತ್ತಿರುವಾಗ ಅವಳು ಇನ್ನೆಲ್ಲಿ ನೋಡಬೇಕು?

ರಾಮದಾಸರು ಗಂಟಲು ಸರಿಮಾಡಿಕೊಂಡರು. "ತಂಬಾಕು ಅಂಬೋದು ನಮ್ಮ ದೇಶದ ಗಿಡಾನ ಅಲ್ಲ ನೋಡ್ರಿ. ಪೋರ್ಚುಗೀಜರು ಹಡಗದಾಗ ತಂದ್ರು. ನಮ್ಮ ವಿಜಾಪುರದಿಂದ ರತ್ನ ಕೂಡಿಸಿದ ಕೊಳವಿಯೊಳಗ ಅಕ್ಬರ ಬಾದಶಹಗ ಹೋತು. ಹಕೀಮ ಬ್ಯಾಡ ಅಂದಾ, ಆದ್ರೂ ಬಾದಶಹಾ ಒಂದೆರಡು ಸಲ ಎಳದ. ಅಂಥಾ ಅಕ್ಬರನ..."

"ಅಕ್ಬರಗ ನಾ ಮಗಳನ್ನ ಕೊಡಾಕ ಹೊಂಟಿಲ್ರಿ."

"ಅಲ್ರೀ, ಬದನಿಕಾಯಿಯೊಳಗೂ ನಿಕೋಟಿನ್ ಇರ್ತದಂತ ಓದೀನಿ. ಒಂದ ಕುಲದ ಗಿಡ ಅವು. ನಿನ್ನೆ ನಮ್ಮನಿಯೊಳಗ ಇವಗ ಎಣ್ಣಿಗಾಯಿ ಬಡಿಸಿದ್ವಿ."

"ಹಂಗಾದ್ರ ಬಗಾರಾ ಬೈಂಗನ್ ತಿನ್ನೋ ಇಡೀ ಹೈದರಾಬಾದೇ ಚಟದ್ದಾತು. ಏಳ್ರಿ, ಸುಮ್ನ ಹೊತ್ತು ಕಳೀಬ್ಯಾಡ್ರಿ."

ಚೇತನಕುಮಾರ ಏಳಲು ನೋಡಿದ. ಬಾಗಿಲು ಎರಡಾಗಿ ಕಂಡಿತು. ಮತ್ತೆ ಕೂತ. ಆಗ ಶೀತಲ ತಲೆ ಎತ್ತಿದಳು.

"ಅಪ್ಪಾ, ನೀ ಒಂದ್ಸಲ ಮಾಡ್ಕೊಂಡು ನೋಡು."

"ಏನು?"

"ಆ ಪಟ್ಟಿ. ಸರಿ ಐತೋ ಇಲ್ಲೋ ತಿಳೀತೈತಿ."

"ನನಗ್ಯಾಕ ಪರೀಕ್ಷೆ? ನಾನೇನು ಹೆಣ್ಣು ನೋಡಾಕ ಬಂದೀನೇನ?"

"ಯಾಕ, ಅಂಜಿಕಿ ಆಗಾಕತ್ತೈತೇನ?" ಅಂದರು ಸೂಗಮ್ಮ. ಇಷ್ಟು ವರ್ಷದಲ್ಲಿ ಗಂಡನಿಗೆ ಈ ಪ್ರಶ್ನೆ ಕೇಳುವ ಅವಕಾಶ ಅವರಿಗೆ ಸಿಕ್ಕಿದ್ದು ಇದೇ ಮೊದಲು.

ಅಮರೇಶಪ್ಪ ಸಿಟ್ಟಿನಿಂದ ಲೋಟ ಹಿಡಿದು ಹೋದರು, ಬಂದರು, ಪಟ್ಟಿ ಅದ್ದಿದರು, ಕೈ ಕಟ್ಟಿಕೊಂಡು ನಿಂತರು. ಒಂದು ಗೆರೆ ಬಂತು. ಅಷ್ಟಕ್ಕೇ ನಿಂತಿತು.

ಸೂಗಮ್ಮನ ಮುಖ ನೋಡುವಂತಿತ್ತು. "ಯಾವಾಗಿಂದ ನಡದೈತಿ?"

"ಏನ ನಡದೈತಿ?"

"ಗೋದಾಮಿಗೆ ಹೋದಾವರು ಉಣ್ಣಾಕ ಕರದ್ರೂ ಬರಾಂಗಿಲ್ಲ, ಮೂರು ಮೂರು ತಾಸು. ನಾ ಲೆಕ್ಕಾ ನೋಡ್ತಾರಂತ ತಿಳ್ಕೊಂಡಿದ್ದೆ. ಭಾವನ ಕ್ವಾಳ್ಳಾಗಿನ ನಳಿಗಿ ನೋಡಿನೂ ನಿಮಗ ಬುದ್ಧಿ ಬರಲಿಲ್ಲಲ್ಲ!"

"ಸೂಗೀ, ಲಿಂಗ ಮುಟ್ಟಿ ಹೇಳ್ತೀನಿ, ನಾ ತಿನ್ನಂಗಿಲ್ಲ! ಪಟ್ಟಿನ ಕೆಟ್ಟೈತಿ. ನೀ ಮಾಡ್ಕೋ, ಈಗ ನೀ ಮಾಡ್ಕೋ!"

ಸೂಗಮ್ಮ ಸೆರಗು ಸಿಕ್ಕಿಸಿಕೊಂಡು ಹೋದರು. ಬಂದದ್ದು ಒಂದೇ ಗೆರೆ. ಈಗ ಅಮರೇಶಪ್ಪ "ಯಾವಾಗಿಂದ?" ಎಂದು ಕೇಳಿದರು, ಮೆಲ್ಲಗೆ, ರುಚಿ ನೋಡುತ್ತ. ಶೀತಲ ತಾನೂ ಮಾಡಿಕೊಂಡಳು. ಗೋದಾಮಿನಲ್ಲಿ ಎಲೆ ಆರಿಸುವವಳು ಅವಳೇ. ಅವಳದೂ ಒಂದೇ ಗೆರೆ. ಆ ಮನೆಯಲ್ಲಿ ತಂಬಾಕಿನಿಂದ ಪಾರಾದವರು ಗೋಡೆಯ ಮೇಲಿನ ಬಸವಣ್ಣನವರು ಮಾತ್ರ.

"ಪಟ್ಟಿ ಕೆಟ್ಟಾವಂತ ನಾ ಹೇಳಿದ್ದೆ" ಅಂದರು ರಾಮದಾಸರು. ಅವರು ಹೇಳಿರಲಿಲ್ಲ.

"ಹೊರಗಿನವರದು ನೋಡೋಣ್ರಿ ಹಂಗಾದ್ರ" ಎಂದು ಶೀತಲ ಸುಭದ್ರಾಬಾಯಿಗೂ ಕಮಲಾಕ್ಷಿಗೂ ಲೋಟ ಕೊಟ್ಟಳು. ಕಮಲಾಕ್ಷಿ ಕುಣಿಯುತ್ತ ಹೋಗಿ ಬಂದರು. ಇಬ್ಬರದರಲ್ಲೂ ಎರಡೆರಡು ಗೆರೆ ಮೂಡಿದವು, ಇಸ್ತ್ರಿ ಮಾಡಿದಂತೆ ನೆಟ್ಟಗೆ.

"ಅಯ್ಯ ಶಿವನ" ಎಂದು ಸುಭದ್ರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. "ಈ ವಯಸ್ಸಿನ್ಯಾಗ ಎರಡು ಗೆರಿ!"

"ನೀವೂ ಮಾಡ್ಕೋರಿ ಸಾಹೇಬ್ರ" ಎಂದು ಅಮರೇಶಪ್ಪ ರಾಮದಾಸರ ಕಡೆ ತಿರುಗಿದರು.

ರಾಮದಾಸರು ಒಳಗೆ ಹೋದರು. ಬಹಳ ಹೊತ್ತು ಇದ್ದರು. ಖಾಲಿ ಲೋಟ ಹಿಡಿದು ಹೊರಗೆ ಬಂದು, ವಯಸ್ಸಾದ ಮೇಲೆ ಬೇಕೆಂದಾಗ ಬರುವುದಿಲ್ಲ ಎಂದರು. ಅವರ ಜೇಬಿನಲ್ಲಿದ್ದ ನಶ್ಯದ ಡಬ್ಬಿಯ ಬಗ್ಗೆ ಸುಭದ್ರಾಬಾಯಿಗೆ ಗೊತ್ತಿರಲಿಲ್ಲ, ನಾವೂ ಹೇಳುವುದು ಬೇಡ.

ಶೀತಲ ತಂದೆಯ ಕೈ ಹಿಡಿದು ಅಂಗೈ ತಿರುಗಿಸಿದಳು. ಅದೂ ಕಂದು. "ತಿಂದಿದ್ದಲ್ಲಪ್ಪಾ. ಎಲಿ ಮುಟ್ಟಿ ಮುಟ್ಟಿ ಚರ್ಮದಾಗಿಂದ ಒಳಗ ಹೊಕ್ಕೈತಿ. ಮ್ಯಾಲ ಆ ಧೂಳು ಬ್ಯಾರೆ, ಹಗಲೆಲ್ಲಾ ಎಳೀತೀವಿ. ಇವರು ಬರಿ ಮೈಯಾಗ ತೊಯ್ದ ಎಲಿ ಹೊತ್ತಾರ. ರಸಾ ಎಲ್ಲಾ ಕುಡದೈತಿ ಮೈ."

ಅಮರೇಶಪ್ಪ ತಮ್ಮ ಅಂಗೈಯನ್ನೂ ಚೇತನಕುಮಾರನ ಅಂಗೈಯನ್ನೂ ನೋಡಿದರು. ಆಮೇಲೆ ಹಣೆ ಬಡಿದುಕೊಂಡರು.

"ಖರೇ ಐತಿ! ನಿಪ್ಪಾಣಿ ಕಡೆ ಹೊಲದಾಗ ಇದ ಆಗ್ತೈತಿ. ಇಬ್ಬನಿ ಬಿದ್ದ ಎಲಿ ಕೊಯ್ಯಾಕ ಹೊಸದಾಗಿ ಬಂದ ಹೆಣ್ಣಮಕ್ಕಳು ತಲಿ ತಿರುಗಿ ಬದುವಿನ ಮ್ಯಾಲ ಕಾರ್ಕೋತ ಕುಂದ್ರತಾರ. ಮದಲಿಂದ ಬಾಯಾಗ ಎಲಿ ಇಟ್ಕೊಳ್ಳೋ ರೂಢಿ ಇದ್ದಾಕೀಗೆ ಏನೂ ಆಗಂಗಿಲ್ಲ, ಆಕಿ ಮೈಗೆ ಅದು ಹಳೇದು. ಕಾರೋದು ಎಂದೂ ಮುಟ್ಟದಾಕಿ!" ಅವರು ಚೇತನಕುಮಾರನ ಎರಡೂ ಭುಜ ಹಿಡಿದರು. "ಅಂದ್ರ ನೀವು ಸಾಚಾ! ನಿಮ್ಮ ವಾಂತಿನ ಅದಕ್ಕ ಸಾಕ್ಷಿ! ತಪ್ಪಾತ್ರಿ ತಮ್ಮಾ, ಭಾಳ ತಪ್ಪಾತು!"

ಸೂಗಮ್ಮ ಸಕ್ಕರೆ ಡಬ್ಬಿ ತಂದರು. ಸುಭದ್ರಾಬಾಯಿ ಅಂಗಿ ಕೊಟ್ಟರು. ಕಮಲಾಕ್ಷಿ "ನಾನು ಆಗಲೇ ಅಂದೆ, ಮಂಚಿ ಅಬ್ಬಾಯಿ, ಒಳ್ಳೇ ಹುಡುಗ" ಅಂದರು. ಶೀತಲ ಅವನನ್ನು ನೋಡಿದಳು. ಈ ಸಲ ಒಬ್ಬಳೇ ಇದ್ದಳು, ತೇಲುತ್ತಿರಲಿಲ್ಲ. ಚೇತನಕುಮಾರನಿಗೆ ನಗು ಬಂತು. ರಾಯಚೂರಿಗೆ ಫೋನು ಹಚ್ಚಲು ಜೇಬಿಗೆ ಕೈ ಹಾಕಿದ.

"ಒಂದು ಮಾತು" ಅಂದರು ಅಮರೇಶಪ್ಪ. ಅವರು ಕುರ್ಚಿಯಲ್ಲಿ ಕೂತಿದ್ದರು. ಮುಖದ ಮೇಲಿನ ಸಂತೋಷ ಮೆಲ್ಲಗೆ ಇಳಿಯುತ್ತಿತ್ತು. "ಎಷ್ಟು ಮೂಟಿ ಹೊತ್ರಿ?"

"ಆರು ರೀ."

"ಆರಕ್ಕ ಹಿಂಗಾತು."

"ತೊಯ್ದಿದ್ವಲ್ರಿ, ಅದಕ್ಕ..."

"ಮಳಿಗಾಲದಾಗ ಎಲ್ಲಾ ತೊಯ್ದಾವ ಬರ್ತಾವು." ಅಮರೇಶಪ್ಪ ಗಲ್ಲಕ್ಕೆ ಕೈ ಕೊಟ್ಟುಕೊಂಡರು. "ನನಗ ಮಂಡಿ ನೋವು. ಇನ್ನೊಂದು ವರ್ಷಾ ಎರಡು ವರ್ಷಾ, ಆಮ್ಯಾಲ ಗೋದಾಮು ಅಳಿಯಂದು. ಹಗಲೆಲ್ಲಾ ಅದರಾಗ ಇರಬೇಕು, ಮುಟ್ಟಿ ನೋಡಬೇಕು, ಮೂಸಬೇಕು, ಹೊರಬೇಕು. ನಾಳೆ ನೀವು ದಿನಾ ಹಿಂಗ ಕಾರ್ಕೋತ ಕುಂತ್ರ ಗಿರಾಕಿ ಏನಂತಾರ? ಈ ಎಲಿ ಇಷ್ಟು ಕೆಟ್ಟದ್ದಂತ ಎಲ್ಲಾರಿಗೂ ತಿಳೀತೈತಲ್ಲ!"

"ರೂಢಿ ಆಗ್ತೈತ್ರಿ ಮಾವಾರ" ಅಂದ ಚೇತನಕುಮಾರ. ಮಾವ ಎಂದು ಕರೆದದ್ದು ಅದೇ ಮೊದಲು, ಅದೇ ಕೊನೆ.

"ನಾವು ಇದರಾಗ ಹುಟ್ಟಿ ಬೆಳದವರು, ಹೊರಗಿನವರಾಗ ರೂಢಿ ಆದವರು ಅಂದ್ರ ತಿನ್ನೋರು. ತಿನ್ನೋನು ನನಗ ಬ್ಯಾಡ. ತಿನ್ನದಾವ್ರು ನೀವು, ನಿಮಗ ತಡಿಯಾಂಗಿಲ್ಲ." ಅಮರೇಶಪ್ಪ ನಿಜವಾಗಿಯೂ ನೊಂದುಕೊಂಡಿದ್ದರು. "ನಿಮ್ಮಂಥಾ ಚೊಕ್ಕ ಹುಡುಗನ್ನ ನಾ ಈವರೆಗೆ ನೋಡಿಲ್ರಿ. ಅದಕ್ಕ ಆಗಾಂಗಿಲ್ಲ ಈ ಸಂಬಂಧ. ತಪ್ಪು ತಿಳ್ಕೋಬ್ಯಾಡ್ರಿ."

ಎಲೆಯ ವ್ಯಾಪಾರ ಬಿಡಬಹುದು ಎಂದು ಆ ಪಡಸಾಲೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅಕ್ಬರನ ಹಕೀಮ ಬಂದು ಹೇಳಿದ್ದರೂ ಅವನಿಗೆ ಉಪ್ಪಿಟ್ಟು ಕೊಟ್ಟು ಕಳಿಸುತ್ತಿದ್ದರು.

ಸೂಗಮ್ಮ ಊಟಕ್ಕೆ ನಿಲ್ಲಿರೆಂದರು. ರಾಮದಾಸ ದಂಪತಿ ನಿಂತರು. ಚೇತನಕುಮಾರ ಒಬ್ಬನೇ ಕಂಬಿ ಹಿಡಿದು ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲಲ್ಲಿ ಶೀತಲ ಬಂದು ತಡೆದಳು. ಕಣ್ಣು ಕೆಂಪಾಗಿದ್ದವು.

"ನಾ ಅಪ್ಪಗ ಆ ಪಟ್ಟಿ ಮಾಡ್ಕೋ ಅನಬಾರದಿತ್ರಿ" ಅಂದಳು.

"ನನ್ನ ಉಳಸಾಕ ಅಂದ್ರಲ್ಲ."

"ಅದ ತಪ್ಪಾತು. ನೀವು ತಿಂತೀರಿ ಅಂತ ಇದ್ದಿದ್ರ, 'ನಾ ಬಿಡಸ್ತೀನಿ' ಅಂತ ಹಠಾ ಹಿಡೀತಿದ್ದೆ. ಅಪ್ಪ ಆರು ತಿಂಗಳು ಕುಣದು ಹೂಂ ಅಂತಿದ್ದ. ಈಗ ಏನ ಬಿಡಸ್ತೀನಿ ಅಂತ ಹೇಳ್ಲಿ?"

ಅವನ ಬಾಯಿಯಲ್ಲಿ ಮತ್ತೆ ಜೊಲ್ಲು ತುಂಬಿತು. ಅವಳೆದುರು ಉಗುಳಬಾರದೆಂದು ನುಂಗಿಕೊಂಡು ಹೊರಟ.

ಸಿಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನ ಮೈಯ ವಾಸನೆಗೆ ಸುತ್ತಲಿನ ನಾಲ್ಕು ಸೀಟಿನವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ಒಬ್ಬ ಮಾತ್ರ ಹಿಂದಿನ ಸೀಟಿನಿಂದ ಮೂಸುತ್ತ ಮೂಸುತ್ತ ಮುಂದೆ ಬಂದು ಪಕ್ಕದಲ್ಲಿ ಕೂತ, ಆಪ್ತನ ಹಾಗೆ ನಕ್ಕು ಒಂದು ಚಿಟಿಕೆ ತಂಬಾಕಿಗೆ ಅಂಗೈ ಚಾಚಿದ. ಅಂಗೈ ನಡುವೆ ಸುಣ್ಣ ಆಗಲೇ ಹಚ್ಚಿಯಾಗಿತ್ತು.

"ಥೋಡಾ ದೇವ್ ನಾ ಭಾಯ್. ಅಸಲೀ ಮಾಲ್ ದಿಖ್ತಾ."

"ಮೈಂ ನೈ ಖಾತಾ" ಅಂದ ಚೇತನಕುಮಾರ.

ಆ ಮನುಷ್ಯ ಅವನ ಕೈ ನೋಡಿದ, ತುಟಿ ನೋಡಿದ, ಅಂಗಿಯೊಳಗಿಂದ ಕುತ್ತಿಗೆಗೆ ಹತ್ತಿದ್ದ ಕಂದು ಗೆರೆ ನೋಡಿದ.

"ಸಬ್ ಐಸಾಚ್ ಬೋಲ್ತೇ", ಎಲ್ಲರೂ ಹೀಗೇ ಹೇಳುವುದು ಎಂದು ತಲೆಯಾಡಿಸಿ, ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳದೆ, ಮಿಯಾಪುರದ ಸ್ಟಾಪು ದಾಟುವವರೆಗೂ ಕಾದ.